ಮುಗಿಲಿಗೆಷ್ಟು, ನೆಲಕ್ಕೆಷ್ಟು

"ನಿನ್ನ ಕುಂಡಿಗೆ ಹತ್ತಿ ಬೇಕು, ಅಕೀ ಬೆನ್ನಿಗೆ ಬ್ಯಾಡ! ಯಾವ ಊರ ನ್ಯಾಯನೋ ಇದು?"

ಕೈಯಲ್ಲಿದ್ದ ಹಿಂಜುವ ಬಿಲ್ಲನ್ನು ಕೆಳಗಿಡದೆಯೇ ನಾನು ಅಣ್ಣನ ಮೇಲೆ ಏರಿ ಹೋದೆ. ಅಣ್ಣ ಪೀರಸಾಬ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅವನೂ ನಮ್ಮಪ್ಪನ ಮಗನೇ.

"ಬಿಲ್ಲ ಕೆಳಗ ಇಡು ರಾಜೇಸಾಬ. ಒಂದ ಹಗಲಾದರೂ ಮಂದಿ ಮುಂದ ಕುಂದ್ರೂದು. ಏಳು ರಾತ್ರಿ ಮಲಗೂದನ್ನ ಯಾರು ನೋಡ್ತಾರ?"

"ಬೆನ್ನು ನೋಡ್ತದೋ, ಬೆನ್ನು! ಹನ್ನೆರಡು ಸೇರು ಹಾಸಿಗಿಗೆ, ನಾಲ್ಕು ಸೇರು ಕುರ್ಚಿಗೆ. ಮುಗೀತು."

"ಹನ್ನೆರಡು ಕುರ್ಚಿಗೆ, ನಾಲ್ಕು ಹಾಸಿಗಿಗೆ. ಮುಗೀತು."

"ನೀ ಸಾಯಿ."

"ದೊಡ್ಡಾಂವ ನಾನು. ಸಾಯೂದರಾಗೂ ನಂದ ಮೊದಲ ಪಾಳಿ, ಬಿಡು."

ಅಂಗಡಿ ಮುಂದೆ ಹೋಗುತ್ತಿದ್ದ ಮಂದಿ ನಿಂತು ಕೇಳತೊಡಗಿದರು. ಕೇಳಲಿ. ಪಾಳಿ ಬಂದ ಯಾರ ಮನೆಯಲ್ಲಿ ಈ ಜಗಳ ಆಗಿಲ್ಲ? ಮೆತ್ತಗೆ ಮಾತಾಡುವವರು ಬಾಗಿಲು ಹಾಕಿಕೊಂಡು ಬಡಿದಾಡುತ್ತಾರೆ, ನಾವು ಬಾಗಿಲು ತೆಗೆದು ಬಡಿದಾಡುತ್ತೇವೆ. ವ್ಯತ್ಯಾಸ ಅಷ್ಟೇ.

ನಮ್ಮ ಊರಿನಲ್ಲಿ ಪ್ರತಿ ಮನೆಗೂ ಹದಿನೆಂಟು ವರ್ಷಕ್ಕೊಮ್ಮೆ ಸೂಟಿಯ ಪಾಳಿ ಬರುತ್ತದೆ. ಮನೆಯಿಂದ ನಾಲ್ಕು ಮಂದಿ ಸಮುದ್ರಕ್ಕೆ ಹೋಗಬಹುದು. ಹೊತ್ತು ಮೂಡುವಾಗ ಕುದುರೆಬಯಲಿನಿಂದ ವಿಮಾನ ಏಳುತ್ತದೆ, ಹೊತ್ತು ಮುಳುಗುವಾಗ ದಂಡೆಗೆ ಇಳಿಯುತ್ತದೆ. ಅಲ್ಲಿಯ ಲಾಡ್ಜಿನಲ್ಲಿ ಏಳು ರಾತ್ರಿ ಇರಬಹುದು. ವಿಮಾನದ ಕುರ್ಚಿ ಬರೀ ಕಬ್ಬಿಣ. ಲಾಡ್ಜಿನ ಮಂಚ ಬರೀ ಕಲ್ಲು. ಎರಡರ ಮೇಲೂ ಹಾಸಿಕೊಳ್ಳಲು ಪಂಚಾಯ್ತಿ ಹಿಂದಿನ ಬೂರುಗದ ಮರದ ಹತ್ತಿ ಮನೆಗೊಂದು ಚೀಲ ಕೊಡುತ್ತಾರೆ. ಹದಿನಾರು ಸೇರು. ಹಳ್ಳಿಗೌಡನ ಮನೆಗೂ ಹದಿನಾರು, ಹಜಾಮನ ಮನೆಗೂ ಹದಿನಾರು. ಮನೆಯಿಂದ ಕೌದಿ, ದಿಂಬು, ಗೋಣಿತಾಟು ಏನನ್ನೂ ಒಯ್ಯುವ ಹಾಗಿಲ್ಲ. ಆ ಹತ್ತಿಯ ಗುಣವೆಂದರೆ, ಮುಗಿಲಿನಲ್ಲಿ ಒಂದು ಹಗಲು ಅದರ ಮೇಲೆ ಕೂತರೆ ಸತ್ತುಹೋಗುತ್ತದೆ. ಮತ್ತೆ ಯಾವ ಬಿಲ್ಲಿಗೂ ಏಳುವುದಿಲ್ಲ. ಕುರ್ಚಿಗೆ ಹಾಕಿದ್ದು ಮಂಚಕ್ಕೆ ಬರುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಪಾಲು ಮಾಡಬೇಕು.

ಆ ಹತ್ತಿಯನ್ನು ಹಿಂಜಿ, ತುಂಬಿ, ಹೊಲಿದು ಕೊಡುವವರು ನಾವು. ನಮ್ಮ ಅಜ್ಜನ ಕಾಲದಿಂದಲೂ ನಾವೇ. ಹೀಗಾಗಿ ಯಾರು ಎಷ್ಟು ಮೇಲೆ ಹಾಕಿದರು, ಎಷ್ಟು ಕೆಳಗೆ ಹಾಕಿದರು ಎಂಬುದು ನನಗೆ ಗೊತ್ತಿರುವಷ್ಟು ಅವರ ಹೆಂಡಿರಿಗೂ ಗೊತ್ತಿರುವುದಿಲ್ಲ. ಹೆಡ್‌ಮಾಸ್ತರರು ಹದಿನೈದು ಸೇರು ಕುರ್ಚಿಗೆ ಹಾಕಿ ಒಂದು ಸೇರು ಹಾಸಿಗೆಗೆ ಉಳಿಸಿದರು. ತಿರುಗಿ ಬಂದಾಗ ಏಡಿಯ ಹಾಗೆ ಅಡ್ಡ ನಡೆಯುತ್ತಿದ್ದರು. "ಲಾಡ್ಜ್ ಹೆಂಗಿತ್ರಿ ಸರ?" ಎಂದರೆ, ಸೊಂಟದ ಮೇಲೆ ಕೈಯಿಟ್ಟುಕೊಂಡು "ಸ್ವರ್ಗ, ರಾಜೇಸಾಬ, ಸ್ವರ್ಗ" ಎಂದರು. ಥೂ! ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡುವ ಬಾಯಿ ಅದು.

ಇವರೆಲ್ಲ ಯಾಕೆ ಹೀಗೆ ಮಾಡುತ್ತಾರೆ? ವಿಮಾನದ ಕಿಟಕಿಗಳು ಬಾಗಿಲಿನಷ್ಟು ದೊಡ್ಡವು. ಏಳುವ ಮೊದಲು ಅದು ಕುದುರೆಬಯಲನ್ನು ಮೂರು ಸುತ್ತು ಹಾಕುತ್ತದೆ, ಎತ್ತಿನ ಬಂಡಿಯಷ್ಟು ನಿಧಾನಕ್ಕೆ. ಊರಿಗೆ ಊರೇ ಅಲ್ಲಿ ಚುರುಮುರಿ ತಿನ್ನುತ್ತ ನಿಂತು, ಯಾರು ಎಷ್ಟು ಎತ್ತರಕ್ಕೆ ಕೂತಿದ್ದಾರೆ ಎಂದು ನೋಡುತ್ತದೆ. ನಾಲ್ಕು ಬೆರಳು ಎತ್ತರ ಕೂತವನ ಮಗಳಿಗೆ ನಾಲ್ಕು ಬೆರಳು ಎತ್ತರದ ಗಂಡು. ಲಾಡ್ಜಿನ ಮಂಚವನ್ನು ನೋಡಲು ಯಾವ ಬೀಗರೂ ಸಮುದ್ರದ ತನಕ ಬರುವುದಿಲ್ಲ.

ಹಿಂದಿನ ಪಾಳಿಯಲ್ಲಿ ನಮ್ಮಪ್ಪ ಹದಿನಾರಕ್ಕೆ ಹದಿನಾರೂ ನೆಲಕ್ಕೆ ಹಾಕಿದ್ದ. ಅವನೂ ಅವ್ವನೂ ಬರೀ ಕಬ್ಬಿಣದ ಮೇಲೆ ಕೂತು ಮೂರು ಸುತ್ತು ಹಾಕಿದರು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಹಿಂಜುವವನ ಕುಂಡಿಗೇ ಹತ್ತಿ ಇಲ್ಲ!" ಅಂದಿನಿಂದ ನಮಗೆ ಕಬ್ಬಿಣ ಕುಂಡಿಯವರು ಎಂದು ಹೆಸರು. ಅಣ್ಣ ಅದನ್ನು ಮರೆತಿಲ್ಲ. ನಾನೂ ಮರೆತಿಲ್ಲ. ಆದರೆ ಅವ್ವ ಸಾಯುವ ತನಕ ಆ ಏಳು ರಾತ್ರಿಯ ನಿದ್ದೆಯ ಮಾತು ಆಡುತ್ತಿದ್ದಳಲ್ಲ, ನಾನು ಅದನ್ನೂ ಮರೆತಿಲ್ಲ. ನನಗೂ ಅವನಿಗೂ ಇರುವ ಫರಕು ಅದು.

ಈಗ ನನ್ನ ಹೆಂಡತಿ ದಾವಲಬಿಯ ಮಾತು. ನನ್ನ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಇಪ್ಪತ್ತೇಳು ವರ್ಷ ದಬ್ಬಣ ಹಿಡಿದು ಹಾಸಿಗೆ ಹೊಲಿದಿದ್ದಾಳೆ. ಬಗ್ಗಿ ಬಗ್ಗಿ ಬೆನ್ನು ಕುಡುಗೋಲಿನ ಹಾಗೆ ಆಗಿದೆ. ನೆಲದ ಮೇಲೆ ಮಲಗಲು ಬರುವುದಿಲ್ಲ, ಗೋಡೆಗೆ ಒರಗಿ ಮೊಣಕಾಲಿನ ಮೇಲೆ ತಲೆಯಿಟ್ಟು ಕೂತೇ ನಿದ್ದೆ. ಮಾಮೂಲಿ ಹತ್ತಿಯ ಹಾಸಿಗೆ ಅವಳ ಬೆನ್ನಿಗೆ ಹತ್ತುವುದಿಲ್ಲ, ಎರಡೂ ಮಾಡಿ ನೋಡಿದ್ದೇನೆ, ದಪ್ಪದ್ದು, ತೆಳ್ಳನೆಯದು. ಹೊಲಿದ ಹಾಸಿಗೆ ಸಮ ಇದೆಯೋ ಇಲ್ಲವೋ ಎಂದು ಅದರ ಮೇಲೆ ಒಮ್ಮೆ ಮಲಗಿ ಹತ್ತು ಎಣಿಸುವುದು ನಮ್ಮ ಕಸುಬಿನ ಪದ್ಧತಿ. ನಾಲ್ಕು ವರ್ಷದ ಹಿಂದೆ ಯಾರದೋ ಪಾಳಿಯ ಬೂರುಗದ ಹಾಸಿಗೆ ಹೊಲಿದಾಗ, ನಾನು ಮನೆಯಲ್ಲಿರಲಿಲ್ಲವೆಂದು ಅವಳೇ ಮಲಗಿದಳು. ಹತ್ತು ಎಣಿಸಿದಳೋ ಸಾವಿರ ಎಣಿಸಿದಳೋ. ನಾನು ಬಂದಾಗ ಅವಳ ಬೆನ್ನು ಹಾಸಿಗೆಗೆ ಅಂಟಿಕೊಂಡಿತ್ತು, ಕಾಲು ನೀಡಿಕೊಂಡಿದ್ದಳು, ಕಣ್ಣಿಂದ ಕಿವಿಗೆ ನೀರು ಇಳಿಯುತ್ತಿತ್ತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳ ಎತ್ತರ ಎಷ್ಟು ಎಂದು ನನಗೆ ಅವತ್ತು ಗೊತ್ತಾಯಿತು. ಹಾಸಿಗೆಯ ಧಣಿ ಬಂದು ಹೊಸ ಹಾಸಿಗೆ ಮೈಲಿಗೆಯಾಯಿತು ಎಂದು ಕೂಗಾಡಿದ. ನಾನು ಅವನ ಕೊರಳುಪಟ್ಟಿ ಹಿಡಿದೆ. ಅವಳು ಎದ್ದು, ಮತ್ತೆ ಬಗ್ಗಿ, ದಬ್ಬಣ ಹುಡುಕತೊಡಗಿದಳು. "ನಮ್ಮ ಪಾಳಿ ಯಾವಾಗ್ರಿ?" ಎಂದು ಮಾತ್ರ ಕೇಳಿದಳು.

ಆ ಪಾಳಿ ಈಗ ಬಂದಿತ್ತು. ಮುಂದಿನದು ಬರುವಾಗ ಅವಳಿಗೆ ಅರವತ್ತನಾಲ್ಕು. ಇದ್ದರೆ.

ಅದಕ್ಕೇ ನಾನು ಬಿಲ್ಲು ಎತ್ತಿದ್ದು.

ಕೊನೆಗೆ ಅಣ್ಣನ ಹೆಂಡತಿ ಚಾಂದಬಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ನಡುವೆ ನಿಂತಳು. "ಎಂಟು ಮ್ಯಾಲ, ಎಂಟು ಕೆಳಗ. ಇನ್ನ ಒಬ್ಬರು ಬಾಯಿ ತೆಗದ್ರ ಇವತ್ತು ರೊಟ್ಟಿ ಇಲ್ಲ" ಎಂದಳು. ಅಣ್ಣ ಗೊಣಗಿದ. ನಾನೂ ಗೊಣಗಿದೆ. ದಾವಲಬಿ ಮೂಲೆಯಲ್ಲಿ ಕೂತು ಏನೋ ಹೇಳಲು ಬಾಯಿ ತೆರೆದಳು. "ನೀ ಸುಮ್ನಿರು, ನಿನ್ನ ಸಲುವಾಗೇ ನಾ ಹೊಡದಾಡಾಕತ್ತೇನಿ" ಎಂದೆ. ಅವಳು ದಬ್ಬಣಕ್ಕೆ ದಾರ ಪೋಣಿಸತೊಡಗಿದಳು.

ಮರುದಿನ ಪಂಚಾಯ್ತಿ ಕಟ್ಟೆಯಲ್ಲಿ ತಕ್ಕಡಿ ಹಾಕಿದ್ದರು. ಪಾಳಿ ಬಂದ ಎಂಟು ಮನೆಯವರು ಸಾಲಿನಲ್ಲಿ ನಿಂತಿದ್ದೆವು. ತೂಕದ ಗುರಪಾದಪ್ಪನಿಗೆ ಎದುರಿನವರು ಏನಂದರೂ ಬರೆಯುವುದೊಂದೇ ಗೊತ್ತು. ಅವನು ಕೇಳುತ್ತಾನೆ: "ಮುಗಿಲಿಗೆಷ್ಟು, ನೆಲಕ್ಕೆಷ್ಟು, ಯಾರಿಗೆಷ್ಟು?" ಮನೆಯವರಲ್ಲಿ ಯಾರು ಮೊದಲು ಹೇಳುತ್ತಾರೋ ಅದನ್ನೇ ಬರೆದು ಠಸ್ಸೆ ಒತ್ತುತ್ತಾನೆ. ಒತ್ತಿದ ಮೇಲೆ ಅವರಪ್ಪ ಬಂದರೂ ಬದಲಾಗುವುದಿಲ್ಲ. ಆದ್ದರಿಂದ ಎಲ್ಲರೂ ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಮ್ಮ ಮುಂದಿದ್ದ ಮುದುಕಿ "ಹತ್ತು ಆರು, ಹತ್ತು ಆರು" ಎಂದು ಜಪ ಮಾಡುತ್ತಿದ್ದಳು.

ಅದನ್ನು ಕೇಳಿಯೇ ಇರಬೇಕು, ತಕ್ಕಡಿಗೆ ನಾಲ್ಕು ಹೆಜ್ಜೆ ಇದ್ದಾಗ ಅಣ್ಣ ನನ್ನ ಕಿವಿಗೆ ಬಾಯಿ ತಂದ.

"ರಾಜ್ಯಾ, ಒಂದ ಮಾತು. ನಾವೂ ಹತ್ತು-ಆರು ಮಾಡೂಣು. ಹತ್ತು ಮ್ಯಾಲ, ಆರು ಕೆಳಗ. ಬೀಗರಾಗಾವ್ರು ನಾಳೆ ಬಯಲಿಗೆ ಬರಾಕತ್ತಾರ. ನನ್ನ ಹುಡುಗಿ ಮದಿವಿ ಮಾತು ಐತಿ. ಎರಡ ಸೇರಿನ ಸಲುವಾಗಿ ಮತ್ತ ಕಬ್ಬಿಣ ಕುಂಡಿ ಅನಿಸ್ಕೋಬೇಕೇನು?"

ನನ್ನ ರಕ್ತ ನೆತ್ತಿಗೇರಿತು. ನಿನ್ನೆ ಎಂಟಕ್ಕೆ ಒಪ್ಪಿ ರೊಟ್ಟಿ ತಿಂದವನು ಇವತ್ತು ಸಾಲಿನಲ್ಲಿ ನಿಂತು ಹತ್ತು ಎನ್ನುತ್ತಾನೆ. ಇನ್ನು ನಾಲ್ಕು ಹೆಜ್ಜೆಗೆ ಹನ್ನೆರಡು ಎನ್ನುತ್ತಾನೆ.

"ಮಾತು ಅಂದ್ರ ಮಾತು. ಎಂಟಂದ್ರ ಎಂಟು" ಎಂದೆ.

"ತಮ್ಮಾ, ಕೈ ಮುಗೀತೇನಿ."

"ಕೈ ಯಾಕ ಮುಗೀತಿ? ಕುಂಡಿ ಮುಗಿ. ಅದರ ಪೂಜಾನ ಅಲ್ಲೇನು ನೀ ಮಾಡೂದು?"

ದಾವಲಬಿ ನನ್ನ ತೋಳು ಜಗ್ಗಿದಳು. "ಏನ್ರೀ, ಇಲ್ಲಿ ಕೇಳ್ರಿ. ಆರು…" ನಾನು ತೋಳು ಕೊಡವಿದೆ. ಹಿಂದಿನವರು ನಗುತ್ತಿದ್ದರು. ಅಣ್ಣನ ಕಣ್ಣು ಕೆಂಪಗಾಗಿತ್ತು. ಗುರಪಾದಪ್ಪ ಕನ್ನಡಕ ಸರಿಮಾಡಿಕೊಂಡು, "ಹಿಂಜುವವರ ಮನಿ, ನಾಲ್ಕು ಜನ. ಮುಗಿಲಿಗೆಷ್ಟು, ನೆಲಕ್ಕೆಷ್ಟು, ಯಾರಿಗೆಷ್ಟು?" ಎಂದ. ದಾವಲಬಿ ಮತ್ತೆ ತೋಳಿಗೆ ಕೈ ಹಾಕಿದಳು. ಅಣ್ಣ "ಹತ್ತು" ಎನ್ನಲು ನಾಲಿಗೆ ಮೇಲೆತ್ತಿದ್ದು ನನಗೆ ಕಂಡಿತು. ನಾನು ಕೂಗಿದೆ.

"ಹದಿನಾರಕ್ಕ ಹದಿನಾರೂ ಈ ಪೀರಸಾಬನ ಕುಂಡಿ ಕೆಳಗ ತುಂಬ್ರಿ!"

ಠಪ್ ಎಂದು ಠಸ್ಸೆ ಬಿತ್ತು.

"ಬರದೆ" ಎಂದ ಗುರಪಾದಪ್ಪ.

"ಏನು ಬರದಿ?"

"ನೀ ಹೇಳಿದ್ದು. ಮುಗಿಲಿಗೆ ಹದಿನಾರು, ಪೀರಸಾಬನ ಕುರ್ಚಿಗೆ. ನೆಲಕ್ಕ ಸೊನ್ನಿ."

"ಅದು ಬೈಗುಳೋ ಮಾರಾಯಾ!"

"ಬೈಗುಳಕ್ಕ ಬ್ಯಾರೆ ಪುಸ್ತಕ ಇಟ್ಟಿಲ್ಲ ನಮ್ಮಲ್ಲಿ. ಮುಂದಿನವ್ರು ಬರ್ರಿ."

ನಾನು ಮೇಜು ಗುದ್ದಿದೆ. ಪುಸ್ತಕ ಕಸಿದುಕೊಳ್ಳಲು ಹೋದೆ. ಇಬ್ಬರು ಬಂದು ನನ್ನ ರಟ್ಟೆ ಹಿಡಿದು ಕಟ್ಟೆಯಿಂದ ಇಳಿಸಿದರು. ಅಣ್ಣ ಗುರಪಾದಪ್ಪನ ಮುಂದೆ ನಿಂತು, ನನಗೆ ಹತ್ತೇ ಸಾಕು, ಎಂಟೇ ಸಾಕು ಎಂದು ಅಂಗಲಾಚುತ್ತಿದ್ದದ್ದು ಕೇಳಿಸಿತು. ಆ ಮಾತನ್ನು ಅವನು ನನಗೆ ಮೊದಲೇ ಹೇಳಬೇಕಿತ್ತು. ಸೂಳೇಮಗ. ನನ್ನ ಅಣ್ಣನೇ, ನಾನು ಬೈಯಬಹುದು. ದಾವಲಬಿ ಕಟ್ಟೆಯ ಕೆಳಗೆ ನಿಂತು ತನ್ನ ಕೈ ನೋಡಿಕೊಳ್ಳುತ್ತಿದ್ದಳು, ನಾನು ಕೊಡವಿದ ಆ ಕೈಯನ್ನು.

ಹೋಗುವುದೇ ಬೇಡ ಎಂದು ನಾನಂದೆ. ಚಾಂದಬಿ, "ಬೀಗರು ಬರ್ತಾರ, ಹೋಗದಿದ್ರ ಏನಂತಾರ?" ಎಂದಳು. ದಾವಲಬಿಯನ್ನು ಯಾರೂ ಕೇಳಲಿಲ್ಲ. ಅವಳು ತನ್ನಷ್ಟಕ್ಕೆ ಎರಡು ಸೀರೆ ಮಡಚಿ ಗಂಟು ಕಟ್ಟಿದ್ದಳು. ಹಾಗೆಂದರೆ ಹೋಗುವುದು ಎಂದಾಯಿತು.

ಹದಿನಾರು ಸೇರು ಬೂರುಗದ ಹತ್ತಿ ಒಂದೇ ಕುರ್ಚಿಗೆ ತುಂಬಿದರೆ ಹೇಗಿರುತ್ತದೆ ಎಂದು ನೀವು ನೋಡಿಲ್ಲ. ನಾನೇ ತುಂಬಿದೆ. ಹಲ್ಲು ಕಡಿಯುತ್ತ ತುಂಬಿದೆ. ಬಣವೆಯ ಹಾಗೆ ಎದ್ದು ನಿಂತಿತು. ಅಣ್ಣನನ್ನು ಇಬ್ಬರು ಎತ್ತಿ ಅದರ ಮೇಲೆ ಕೂರಿಸಬೇಕಾಯಿತು. ತಲೆ ವಿಮಾನದ ಮಾಡಿಗೆ ತಾಗಿ ಕುತ್ತಿಗೆ ಎಡಕ್ಕೆ ವಾಲಿತು. ಕಾಲು ನೆಲ ಮುಟ್ಟಲಿಲ್ಲ. ನಾವು ಮೂವರು ಅವನ ಕೆಳಗೆ ಕಬ್ಬಿಣದ ಮೇಲೆ ಕೂತೆವು. ವಿಮಾನ ಮೂರು ಸುತ್ತು ಹಾಕುವಾಗ ಊರು ಸಿಳ್ಳೆ ಹೊಡೆಯಿತು. "ಭಲೇ ಪೀರಸಾಬ!" ಎಂದಿತು. ಬೀಗರಾಗುವವರು ಕೈ ಮುಗಿದದ್ದು ನನಗೂ ಕಾಣಿಸಿತು. ಅವರಿಗೆ ಕೈ ಎತ್ತಿ ತೋರಿಸಲು ಅಣ್ಣನಿಗೆ ಕತ್ತು ತಿರುಗಲಿಲ್ಲ. ಮಾಡು ನೋಡುತ್ತಲೇ ಕೈ ಬೀಸಿದ.

ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಅವನ ದನಿ ಬಂತು. "ದಾವಲಬಿ, ನೀ ಬಾ ಇಲ್ಲಿ. ನಾ ಕೆಳಗ ಕುಂದ್ರತೇನಿ."

ವಿಮಾನದ ಕಾವಲಿನವನು ಕುರ್ಚಿಗೆ ಕಟ್ಟಿದ ಚೀಟಿ ತೋರಿಸಿ ತಲೆಯಲ್ಲಾಡಿಸಿದ. ಚೀಟಿಯಲ್ಲಿ ಪೀರಸಾಬನ ಹೆಸರಿತ್ತು. ನಾನು ಕಾವಲಿನವನನ್ನು ಬೈದೆ, ಅಣ್ಣನನ್ನು ಬೈದೆ, ಗುರಪಾದಪ್ಪನ ಏಳು ತಲೆಯನ್ನು ಬೈದೆ. ದಾವಲಬಿ ಎರಡೂ ಕೈಯನ್ನು ಕಬ್ಬಿಣಕ್ಕೆ ಊರಿ ಬೆನ್ನಿನ ಭಾರ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಲಾಡ್ಜಿನ ಒಡತಿಯ ಹೆಸರು ಸುಕ್ರಿ. ಮೀನು ಒಣಗಿಸುತ್ತ ಕೂತಿದ್ದಳು. ನಮ್ಮ ಗಂಟು ನೋಡಿ, ಅಣ್ಣನ ಹೆಗಲ ಚೀಲ ನೋಡಿ, "ಹಾಸುಕೆ ಎಂತಾ ತಂದಿದ್ರಿ?" ಎಂದಳು. ಅಣ್ಣ ಚೀಲ ಬಿಚ್ಚಿದ. ಹದಿನಾರು ಸೇರು ಹತ್ತಿ ಒಣರೊಟ್ಟಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಸುಕ್ರಿ ನಕ್ಕಳು. "ನಿಮ್ಮೂರವ್ರೆಲ್ಲಾ ಹಿಂಗೇಯಾ. ಮೇಲೆ ಕೂತ್ಕಂಡು ನಗ್ತ್ರು, ಕೆಳಗೆ ಬಿದ್ಕಂಡು ಅಳ್ತ್ರು."

ಮರುದಿನ ಬೆಳಿಗ್ಗೆ ನಾನು ಲಾಡ್ಜಿನ ಅಂಗಳದಲ್ಲಿ ಸತ್ತ ಹತ್ತಿ ಹರವಿಕೊಂಡು ಕೂತೆ. ಬಿಲ್ಲು ತರಲು ಬಿಟ್ಟಿರಲಿಲ್ಲ. ಸುಕ್ರಿಯ ಹತ್ತಿರ ಬಿದಿರು ಇಸಿದುಕೊಂಡು, ಬಲೆಯ ಹುರಿ ಕಟ್ಟಿ ಬಿಲ್ಲು ಮಾಡಿದೆ. ಹೊತ್ತು ನೆತ್ತಿಗೆ ಬರುವ ತನಕ ಹೊಡೆದೆ. ನಮ್ಮಪ್ಪ ಕಲಿಸಿದ ಪೆಟ್ಟು, ಅಜ್ಜ ಕಲಿಸಿದ ಪೆಟ್ಟು, ಕಲಿಸದ ಪೆಟ್ಟು ಎಲ್ಲ ಹೊಡೆದೆ. ಒಂದು ಎಳೆಯೂ ಏಳಲಿಲ್ಲ. ಹುರಿ ಹರಿದು ನನ್ನ ಕೆನ್ನೆಗೇ ಹೊಡೆಯಿತು.

ದಾವಲಬಿ ಬಾಗಿಲ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ರಾತ್ರಿಯೆಲ್ಲ ಕಲ್ಲುಗೋಡೆಗೆ ಒರಗಿ ಕೂತಿದ್ದ ಮುಖ ಬೂದಿಯ ಹಾಗಿತ್ತು.

"ಬಿಡ್ರಿ. ಅದು ಸತ್ತೈತಿ."

"ಹನ್ನೆರಡು ಸೇರು ನಿನಗ ಕೊಡಸಬೇಕಂತ ಬಡಕೊಂಡೆ ನಾನು. ಆ ಮಂಗ್ಯಾನ ಮಗ…"

"ಹನ್ನೆರಡು ಯಾರು ಕೇಳಿದ್ರು?"

ನಾನು ತಲೆಯೆತ್ತಿ ನೋಡಿದೆ.

"ನಂಗ ಆರ ಸೇರು ಸಾಕಾಗಿತ್ತು" ಎಂದಳು. "ಮೂರು ಸಲ ಹಿಂಜಿ, ಉದ್ದಕ ತುಂಬಿ, ನಡುವ ಹೊಲಿಗಿ ಬಿಟ್ಟರ ಆರು ಸೇರಿನಾಗ ಒಂದು ಬೆನ್ನು ನಿಲ್ತೈತಿ. ಇಪ್ಪತ್ತೇಳು ವರ್ಷ ಹೊಲಿದೇನಿ, ನಂಗ ಗೊತ್ತಿಲ್ಲೇನು? ಉಳದ ಹತ್ತು ನಿಮ್ಮಣ್ಣ ಬೇಕಾದ್ರ ತೆಲಿ ಮ್ಯಾಲ ಇಟ್ಕೊಳ್ಳಿ."

ಹತ್ತು ಮೇಲೆ, ಆರು ಕೆಳಗೆ. ಸಾಲಿನಲ್ಲಿ ಅಣ್ಣ ಕೈ ಮುಗಿದು ಕೇಳಿದ್ದೂ ಅದೇ.

ತಲೆ ತಿರುಗಿದರೂ ನನಗೆ ಬರುವುದು ಸಿಟ್ಟೇ. "ಮೊದಲ ಯಾಕ ಹೇಳಲಿಲ್ಲ? ಬಾಯಾಗ ಏನು ಇಟ್ಕೊಂಡಿದ್ದಿ?"

"ನೀವು ಉಸಿರು ತಗೊಂಡಾಗ ಹೇಳಬೇಕಂದೆ" ಎಂದಳು ದಾವಲಬಿ. "ನೀವು ತಗೊಳ್ಳಲಿಲ್ಲ."

ಅವಳು ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಹಾಸಿಗೆಯ ಅಳತೆ ಹೇಳುವ ಹಾಗೆ ಹೇಳಿದಳು.

ಮೂರನೆಯ ದಿನ ಮಧ್ಯಾಹ್ನ ಅವಳು ಕೋಣೆಯಲ್ಲಿರಲಿಲ್ಲ. ಹುಡುಕಿಕೊಂಡು ದಂಡೆಗೆ ಹೋದೆ. ನೀರಿನಿಂದ ದೂರ, ದೋಣಿಗಳನ್ನು ಎಳೆದಿಟ್ಟ ಕಡೆ, ಒಣ ಮರಳಿನಲ್ಲಿ ಮೊಣಕಾಲೂರಿ ಕೂತಿದ್ದಳು. ಎರಡೂ ಅಂಗೈಯಿಂದ ಮರಳನ್ನು ಸರಿಸುತ್ತಿದ್ದಳು, ತಟ್ಟುತ್ತಿದ್ದಳು, ಮತ್ತೆ ಸರಿಸುತ್ತಿದ್ದಳು. ಹಾಸಿಗೆ ತುಂಬುವಾಗಿನ ಕೈ ಅದು, ದೂರದಿಂದಲೇ ಗೊತ್ತಾಯಿತು. ಸೊಂಟಕ್ಕೆ ಎತ್ತರ, ಭುಜಕ್ಕೆ ತಗ್ಗು, ಕುತ್ತಿಗೆಗೆ ಒಂದು ದಿಣ್ಣೆ. ಆಮೇಲೆ ಅದರೊಳಗೆ ಮೆಲ್ಲಗೆ ಮಲಗಿದಳು. ಬಿಸಿಲಿಗೆ ಕಾದ ಮರಳು ಅವಳ ಬೆನ್ನಿನ ಸಂದುಸಂದಿಗೆ ಇಳಿಯಿತು. ಕಾಲು ನೀಡಿದಳು. ಉದ್ದಕ್ಕೆ ನೀಡಿದಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಮ್ಮೂರಿನ ಉಳಿದ ಏಳು ಮನೆಯವರು ಅಲ್ಲೇ ದಂಡೆಯ ಮೇಲೆ ಕಡಲೆಕಾಯಿ ತಿನ್ನುತ್ತ ಓಡಾಡುತ್ತಿದ್ದರು.

"ಏಳ ಮೇಲಕ್ಕ! ನಾಯಿ ಹಂಗ ಕುಣಿ ತೋಡಿ ಬಿದ್ದೀಯಲ್ಲ. ಮಂದಿ ನೋಡ್ತಾರ!"

ದಾವಲಬಿ ಕಣ್ಣು ತೆರೆದಳು. ನಕ್ಕಳು. ಅವಳು ನಕ್ಕು ಎಷ್ಟು ವರ್ಷವಾಗಿತ್ತೋ.

"ಈಗ ಪಕ್ಕಾ ನಿಮ್ಮಣ್ಣನಂಗ ಮಾತಾಡಿದ್ರಿ ನೋಡ್ರಿ" ಎಂದಳು.

ನಾನು ಅಲ್ಲಿಂದ ಕಾಲು ಅಪ್ಪಳಿಸುತ್ತ ಬಂದೆ. ಮರಳಿನಲ್ಲಿ ಕಾಲು ಅಪ್ಪಳಿಸಿದರೆ ಸದ್ದೂ ಬರುವುದಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಊಟಕ್ಕೆ ಮಾತ್ರ ಲಾಡ್ಜಿಗೆ ಬರುತ್ತಿದ್ದಳು. ಹಗಲೆಲ್ಲ ಮರಳಿನಲ್ಲಿ. ಐದನೆಯ ದಿನ ರಾತ್ರಿಯೂ ಬರಲಿಲ್ಲ, ಸುಕ್ರಿ ಅವಳಿಗೆ ಒಂದು ಹಳೇ ಬಲೆ ಹೊದೆಯಲು ಕೊಟ್ಟಿದ್ದಳಂತೆ. ಆರನೆಯ ದಿನ ನಾನು ಮಂಡಕ್ಕಿ ಕಟ್ಟಿಸಿಕೊಂಡು ಹೋದೆ. ಪಕ್ಕದಲ್ಲಿ ಕೂತೆ. ಅವಳೇ ಮಾತು ತೆಗೆದಳು.

"ಇದನ್ನ ಹಿಂಜೂದು ಬ್ಯಾಡ, ಹೊಲಿಯೂದು ಬ್ಯಾಡ, ಯಾರ ಠಸ್ಸೆನೂ ಬ್ಯಾಡ" ಎಂದು ಮರಳನ್ನು ಮುಷ್ಟಿಯಲ್ಲಿ ಎತ್ತಿ ಬಿಟ್ಟಳು. "ಊರಿಗಿ ಹೋದ ಮ್ಯಾಲ ಎಷ್ಟು ಮನಿ ಹಾಸಿಗಿ ಬಾಕಿ ಅದಾವ್ರಿ?"

"ಹನ್ನೊಂದು."

"ಹನ್ನೊಂದು" ಎಂದಳು.

ಅಷ್ಟೇ. ಆಗ ನಾನು ಇನ್ನೊಂದು ಮಾತು ಕೇಳಬಹುದಿತ್ತು. ನಿನಗೇನು ಬೇಕು ಎಂದು ಕೇಳಬಹುದಿತ್ತು. ಅದರ ಬದಲು, ಹನ್ನೊಂದರಲ್ಲಿ ಗೌಡನ ಮನೆಯ ಹಾಸಿಗೆ ಮೊದಲು ಮುಗಿಸಬೇಕು, ಅವನು ಬಾಯಿಬಡಿಕ ಎಂದು ಗೌಡನನ್ನು ಬೈಯತೊಡಗಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಎಂಟನೆಯ ದಿನ ಬೆಳಿಗ್ಗೆ ಹೊರಡುವ ಹೊತ್ತು. ದಂಡೆಯ ಮೇಲೆ ವಿಮಾನ ನಿಂತಿತ್ತು. ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದೆವು. ದಾವಲಬಿ ಮೈಗೆ ಅಂಟಿದ ಮರಳು ಕೊಡವಿಕೊಂಡು ಬಂದು ಕಲ್ಲುಮಂಚದ ತುದಿಗೆ ಕೂತಿದ್ದಳು. ಅಣ್ಣ ಸತ್ತ ಹತ್ತಿಯನ್ನು ಚೀಲಕ್ಕೆ ತುಂಬಿ, ಎಡಕ್ಕೆ ವಾಲಿದ ಕುತ್ತಿಗೆಯಲ್ಲೇ ನನ್ನ ಕಡೆ ತಿರುಗಿದ.

"ಊರಿಗಿ ಹೋಗುವಾಗ ಯಾರೂ ಬಯಲಿಗೆ ಬರೂದಿಲ್ಲ. ಚೀಟಿನೂ ಇರೂದಿಲ್ಲ. ಈ ಚೀಲ ದಾವಲಬಿ ಕೆಳಗ ಹಾಕೂಣು. ಸತ್ತಿದ್ರೂ ಕಬ್ಬಿಣಕಿಂತ ಮೆತ್ತಗಿರ್ತೈತಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಈಗ ನನಗೆ ಗೊತ್ತು. ಆಗ ಕೇಳಿಸಿದ್ದೇ ಬೇರೆ.

"ಜೀವ ಇದ್ದದ್ದು ನಿನಗ, ಸತ್ತದ್ದು ಅಕೀಗೆ! ಇದು ನಿನ್ನ ದಾನ!"

"ಹದಿನಾರು ಅಂತ ಕೂಗಿದಾಂವ ನೀನೋ ನಾನೋ?"

"ಕೂಗಿಸಿದಾಂವ ಯಾರು? ಎಂಟಕ್ಕ ಒಪ್ಪಿ ಹತ್ತು ಅಂದಾಂವ ಯಾರು?"

"ಹತ್ತ ಅಂದಿದ್ರ ಅಕೀಗೆ ಆರು ಸಿಗ್ತಿತ್ತು! ಅಕೀಗೆ ಬೇಕಾಗಿದ್ದೂ ಆರ! ಚಾಂದಬಿಗೆ ಹೇಳ್ಯಾಳ ಅಕಿ!"

"ನನ್ನ ಹೆಂಡತಿಗೆ ಎಷ್ಟ ಬೇಕಂತ ನನಗ ಗೊತ್ತೈತಿ! ಅಕೀ ಚೀಲದ ಮ್ಯಾಲೂ ಕುಂದ್ರೂದಿಲ್ಲ, ಕಬ್ಬಿಣದ ಮ್ಯಾಲೂ ಕುಂದ್ರೂದಿಲ್ಲ, ನನ್ನ ತೊಡಿ ಮ್ಯಾಲ ಕುಂದ್ರತಾಳ, ಏನ್ ಮಾಡ್ತಿ?"

"ಮೊದಲ ಅಕೀನ್ನ ಕೇಳೋ!"

"ಅಕೀನ್ನ ಏನು ಕೇಳೂದು!"

ಆ ಹೊತ್ತಿಗೆ ದಾವಲಬಿ ಎದ್ದಳು. ಸೆರಗಿಗೆ ಸಿಕ್ಕಿಸಿಕೊಂಡಿದ್ದ ದಬ್ಬಣವನ್ನು ತೆಗೆದು ಕಲ್ಲುಮಂಚದ ಮೇಲೆ ಇಟ್ಟಳು. ಅದು ಟಿಣ್ ಎಂದದ್ದು ಕೇಳಿಸಿತು. ನೀರಡಿಸಿರಬೇಕು, ಕುಡಿಯಲು ಹೋಗುತ್ತಾಳೆ ಎಂದುಕೊಂಡೆ. ಚಪ್ಪಲಿ ಮೆಟ್ಟಲಿಲ್ಲ. ಬಾಗಿಲಿನಿಂದ ಆಚೆ ಹೋದಳು. ಅಣ್ಣನಿಗೆ ಹೇಳಲು ನನಗೆ ಇನ್ನೂ ನಾಲ್ಕು ಮಾತಿತ್ತು. ನಾಲ್ಕನ್ನೂ ಹೇಳಿದೆ. ನಮ್ಮಪ್ಪನನ್ನು ಎಳೆದು ತಂದೆ, ಅವನ ಮಗಳ ಬೀಗರನ್ನು ಎಳೆದು ತಂದೆ, ಉಸಿರು ಕಟ್ಟಿ ನಿಲ್ಲಿಸಿದೆ.

ವಿಮಾನ ಒಮ್ಮೆ ಕೂಗಿತು. ಚಾಂದಬಿ ಗಂಟು ಎತ್ತಿಕೊಂಡು, "ದಾವಲಬಿ ಎಲ್ಲಿ?" ಎಂದಳು.

ನಾನು ದಂಡೆಗೆ ಓಡಿದೆ. ದೋಣಿಗಳ ಹತ್ತಿರ ಅವಳ ಕುಣಿ ಹಾಗೇ ಇತ್ತು. ಒಳಗೆ ಯಾರೂ ಇರಲಿಲ್ಲ. ಮರಳಿನಲ್ಲಿ ಅವಳ ಬೆನ್ನಿನ ಗುರುತು ಮೂಡಿತ್ತು, ಭುಜದಿಂದ ಸೊಂಟದ ತನಕ ನೆಟ್ಟಗೆ, ಹಲಗೆ ಇಟ್ಟು ಒತ್ತಿದ ಹಾಗೆ. ಸುಕ್ರಿ ಬುಟ್ಟಿಯಲ್ಲಿ ಮೀನು ಹೊತ್ತು ಬರುತ್ತಿದ್ದಳು.

"ನನ್ನ ಹೆಂಡತಿ ಕಂಡಳೇನು?"

"ಹೋದ್ರಲ್ಲ, ಆ ಬದಿಗೆ" ಎಂದು ಗಾಳಿಮರಗಳ ಕಡೆ ಗದ್ದ ತೋರಿಸಿದಳು. "ಬಂದ ದಿನ ಮುದುಕಿ ಅಂದ್ಕಂಡಿದ್ದೆ. ಇವತ್ತು ಎಷ್ಟು ನೆಟ್ಟಗೆ ನಡೀತಿದ್ರು."

ಗಾಳಿಮರಗಳ ತನಕ ಓಡಿದೆ. ಅಲ್ಲಿಂದಾಚೆ ಮತ್ತೆ ದಂಡೆ, ಮತ್ತೆ ಗಾಳಿಮರ, ಮತ್ತೆ ದಂಡೆ. "ದಾವಲಬೀ!" ಎಂದು ಕೂಗಿದೆ. ಊರಿನ ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳುವ ಗಂಟಲು ನನ್ನದು. ಅಲೆ ಅದನ್ನು ನುಂಗಿಹಾಕಿತು. ಎರಡನೆಯ ಕೂಗು ಹಾಕಿ ವಿಮಾನ ನಡುಗತೊಡಗಿತು. ಅಣ್ಣ ಬಂದು ನನ್ನ ರಟ್ಟೆ ಹಿಡಿದ. ಅವನ ಕೈಯನ್ನು ನಾನು ಕೊಡವಲಿಲ್ಲ.

ಮೆಟ್ಟಿಲ ಬುಡದಲ್ಲಿ ಕಾವಲಿನವನು ಪುಸ್ತಕ ಹಿಡಿದು ನಿಂತಿದ್ದ. ಅವನು ಕತ್ತು ಎತ್ತದೆ ಕೇಳಿದ.

"ಹಿಂಜುವವರ ಮನಿ. ಎಷ್ಟು ಜನ?"

ನಾನು ಬಾಯಿ ತೆರೆದೆ. ಠಸ್ಸೆ ಅವನ ಕೈಯಲ್ಲಿತ್ತು. ಅವನು ಮತ್ತೊಮ್ಮೆ ಕೇಳಿದ. ನಾನು ಗಾಳಿಮರಗಳ ಕಡೆ ನೋಡುತ್ತಲೇ ನಿಂತೆ. ಅಣ್ಣನೂ ಆ ಕಡೆಗೇ ನೋಡಬೇಕೆಂದು ವಾಲಿದ ಕುತ್ತಿಗೆಯನ್ನು ಕೈಯಿಂದ ಹಿಡಿದು ತಿರುಗಿಸಿಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಅವನೇ ಹೇಳಿದ.

"ಮೂರು."